ಬಸ್ ಕೊಳ್ಳಲು ದುಡ್ಡುಂಟು, ಓಡಿಸಲು?

ಓದುಗರ ಪ್ರಶ್ನೆ – ಬಲ್ಲವರ ಉತ್ತರ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಬಸ್ಸಿನ ವಿಚಾರವೇ ಹೆಚ್ಚು. ಒಂದೇ ತೆರನಾದವನ್ನು ಕೂಡಿಸಿ, ಏಳು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇವೆ. ರಾಜ್ಯ ರಸ್ತೆ ಸಾರಿಗೆ ನಿಗಮದ (ಕೆಎಸ್‌ಆರ್‌ಟಿಸಿ) ಸಂಚಾರ ಶಾಖೆ, ಗ್ರಾಮೀಣ ರಸ್ತೆ ಮತ್ತು ಪರ್ಮಿಟ್ ವ್ಯವಹಾರ ಬಲ್ಲವರು ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮೂರಿಗೆ ಬಸ್ ಬಿಡಿ ಎಂದು ಮೂರು ಸಲ ಮನವಿ ಕೊಟ್ಟಿದ್ದೇವೆ. ಪ್ರತಿ ಸಲವೂ "ಮಾರ್ಗ ನಷ್ಟದಲ್ಲಿದೆ" ಎಂಬ ಉತ್ತರ. ಇಂಥ ನಷ್ಟ ತುಂಬಿಕೊಡುವ ಸರ್ಕಾರಿ ಯೋಜನೆ ಯಾವುದಾದರೂ ಇದೆಯೇ? ಪಂಚಾಯಿತಿಯಿಂದ ಏನು ಮಾಡಬಹುದು? – ಗ್ರಾಮ ಪಂಚಾಯಿತಿ ಸದಸ್ಯೆ, ಆಲೂರು ತಾಲ್ಲೂಕು

ಉತ್ತರ: ಹಳ್ಳಿಯೊಂದು ನೇರವಾಗಿ ಅರ್ಜಿ ಹಾಕಿ "ನಮ್ಮ ಬಸ್ಸಿನ ನಷ್ಟ ತುಂಬಿಕೊಡಿ" ಎಂದು ಕೇಳಬಹುದಾದ ಯೋಜನೆ ಇಲ್ಲ. ಅದನ್ನು ಹುಡುಕುತ್ತಾ ಕೂರಬೇಡಿ. ಕೇಂದ್ರ, ರಾಜ್ಯಗಳಿಂದ ಸಾರಿಗೆಗೆ ಬರುವ ಹಣದ ಬಹುಪಾಲು ಬಸ್ ಖರೀದಿ, ನಿಲ್ದಾಣ, ರಸ್ತೆಗಳಿಗೆ ಮೀಸಲು. ದಿನಾ ಓಡುವ ಕಿಲೋಮೀಟರಿಗೆ ತಗಲುವ ಡೀಸೆಲ್, ಟಯರು, ಸಂಬಳದ ಖರ್ಚನ್ನು ನಿಗಮ ಟಿಕೆಟ್ಟಿನಿಂದ, ರಿಯಾಯಿತಿಗಳಿಗೆ ಸರ್ಕಾರ ಕೊಡುವ ಮರುಪಾವತಿಯಿಂದ, ಮತ್ತು ಲಾಭದ ಮಾರ್ಗಗಳ ಗಳಿಕೆಯಿಂದ ನಿಭಾಯಿಸಬೇಕು. ಬೆಂಗಳೂರಿಗೆ ಹೋಗುವ ಎಕ್ಸ್‌ಪ್ರೆಸ್ಸಿನ ದುಡ್ಡಿನಲ್ಲೇ ಹಳ್ಳಿ ಬಸ್ಸೂ ಓಡಬೇಕು ಎಂಬ ಸ್ಥಿತಿ. 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯ 22ನೇ ಕಲಂ ನಿಗಮವು ವ್ಯಾಪಾರ ತತ್ವದ ಮೇಲೆ ನಡೆಯಬೇಕು ಎನ್ನುತ್ತದೆ. ಡಿಪೋದವರು "ನಷ್ಟ" ಎಂದಾಗ ಅದು ಬರೀ ನೆಪವಲ್ಲ, ಅವರ ಮೇಲಿನವರು ಅವರನ್ನು ಕೇಳುವ ಮೊದಲ ಪ್ರಶ್ನೆಯೇ ಅದು. ಆದ್ದರಿಂದ ನಿಮ್ಮ ಮನವಿ ಕೂಡ ಆ ಲೆಕ್ಕದ ಭಾಷೆಯಲ್ಲೇ ಇರಬೇಕು.

ಲೆಕ್ಕ ಹೀಗೆ. ಡಿಪೋದಲ್ಲಿ ಎರಡು ಅಂಕಿ ಇಟ್ಟುಕೊಂಡಿರುತ್ತಾರೆ: ಕಿಲೋಮೀಟರಿಗೆ ಬಂದ ಆದಾಯ, ಕಿಲೋಮೀಟರಿಗೆ ತಗಲಿದ ವೆಚ್ಚ. ತಿಳಿಯುವುದಕ್ಕಾಗಿ ಒಂದು ಕಾಲ್ಪನಿಕ ಉದಾಹರಣೆ ನೋಡಿ. ಊರು ತಾಲ್ಲೂಕು ಕೇಂದ್ರದಿಂದ 22 ಕಿ.ಮೀ., ದಿನಕ್ಕೆ ನಾಲ್ಕು ಸಿಂಗಲ್ (ಒಂದು ಕಡೆಯ ಓಟ) ಅಂದರೆ 88 ಕಿ.ಮೀ. ವೆಚ್ಚ ಕಿಲೋಮೀಟರಿಗೆ 60 ರೂ. ಎಂದುಕೊಂಡರೆ 5,280 ರೂ. ಆಯಿತು. ತಲೆಗೆ ಸರಾಸರಿ 30 ರೂ. ಟಿಕೆಟ್ ಎಂದರೆ 176 ಜನ ಬೇಕು, ಪ್ರತಿ ಸಿಂಗಲ್‌ಗೆ 44. ಬೆಳಿಗ್ಗೆ ಎಂಟಕ್ಕೂ ಸಂಜೆ ಐದಕ್ಕೂ ಅಷ್ಟು ಜನ ಸಿಗುತ್ತಾರೆ. ಮಧ್ಯಾಹ್ನ ಹನ್ನೆರಡರ ಬಸ್ಸಿನಲ್ಲಿ ಹತ್ತು ಜನವೂ ಇರುವುದಿಲ್ಲ. "ದಿನಕ್ಕೆ ನಾಲ್ಕು ಸಲ ಬಸ್ ಬೇಕು" ಎಂದು ಬರೆದುಕೊಟ್ಟ ಮನವಿ ಬೀಳುವುದು ಈ ಮಧ್ಯಾಹ್ನದ ಟ್ರಿಪ್ಪಿನಿಂದಲೇ. ಬೆಳಿಗ್ಗೆ ಒಂದು, ಸಂಜೆ ಒಂದು ಎಂದು ಕೇಳಿ. ಅದು ಆರು ತಿಂಗಳು ತುಂಬಿ ಓಡಿದರೆ ಮೂರನೆಯದನ್ನು ಕೇಳಲು ಬಾಯಿ ಬರುತ್ತದೆ.

ಹೊಸ ಶೆಡ್ಯೂಲ್ ಕೇಳುವುದಕ್ಕಿಂತ ಇರುವ ಬಸ್ಸಿನ ವಿಸ್ತರಣೆ ಕೇಳುವುದು ಸುಲಭ. ಹೊಸ ಶೆಡ್ಯೂಲ್ ಎಂದರೆ ಒಂದು ಬಸ್, ಚಾಲಕ, ನಿರ್ವಾಹಕ, ಅವರ ವಾರದ ರಜೆಗೆ ಬದಲಿ ಸಿಬ್ಬಂದಿ, ಎಲ್ಲವೂ ಬೇಕು. ಪಕ್ಕದ ಊರಿಗೆ ಬಂದು ತಿರುಗುವ ಬಸ್ಸನ್ನು ಐದು ಕಿ.ಮೀ. ಮುಂದಕ್ಕೆ ಎಳೆದರೆ ಹೋಗಿ ಬರುವ ಹತ್ತು ಕಿ.ಮೀ. ಖರ್ಚು ಅಷ್ಟೆ. ಇಲ್ಲಿ ಎರಡು ಕಡೆ ಎಡವುತ್ತಾರೆ. ಒಂದು, ಈಗಾಗಲೇ ಕ್ರಾಸ್‌ವರೆಗೆ ನಡೆದುಬಂದು ಬಸ್ ಹತ್ತುತ್ತಿರುವವರನ್ನೂ ಹೊಸ ಪ್ರಯಾಣಿಕರೆಂದು ಎಣಿಸುವುದು. ಅವರಿಂದ ನಿಗಮಕ್ಕೆ ಹೆಚ್ಚುವರಿಯಾಗಿ ಬರುವುದು ಆ ಐದು ಕಿ.ಮೀ. ದರವಷ್ಟೇ. ನಿಜವಾಗಿ ಹೊಸಬರೆಂದರೆ ಈಗ ಆಟೊ, ಬೈಕು, ಜೀಪು ಹಿಡಿಯುವವರು. ಇನ್ನೊಂದು, ಸಿಬ್ಬಂದಿಯ ಎಂಟು ಗಂಟೆಯ ಪಾಳಿ. ಆ ಬಸ್ಸಿನ ಪಾಳಿ ಈಗಾಗಲೇ ತುಂಬಿದ್ದರೆ ಅರ್ಧ ಗಂಟೆ ಸೇರಿಸುವುದಕ್ಕೂ ಜಾಗವಿರುವುದಿಲ್ಲ. ಡಿಪೋದಲ್ಲಿ ಮೊದಲು ಇದನ್ನೇ ವಿಚಾರಿಸಿ, ಆಮೇಲೆ ಬರೆಯಿರಿ.

ಪಂಚಾಯಿತಿ ನಿಜವಾಗಿ ಕೈಹಾಕಬಹುದಾದ ಜಾಗ ನೈಟ್ ಹಾಲ್ಟ್. ಡಿಪೋದಿಂದ ನಸುಕಿನಲ್ಲಿ ಖಾಲಿ ಬಸ್ ನಿಮ್ಮೂರಿಗೆ ಬರುವ ಓಟದಲ್ಲಿ ಆದಾಯ ಸೊನ್ನೆ. ಬಸ್ ರಾತ್ರಿ ನಿಮ್ಮೂರಲ್ಲೇ ತಂಗಿದರೆ ಆ ಖಾಲಿ ಓಟ ತಪ್ಪುತ್ತದೆ, ಬೆಳಗಿನ ಮೊದಲ ಟ್ರಿಪ್ಪೇ ಶಾಲಾ ಮಕ್ಕಳನ್ನು ತುಂಬಿಕೊಂಡು ಹೊರಡುತ್ತದೆ. ಬೇಕಾದದ್ದು ಇಬ್ಬರಿಗೆ ಬೀಗ ಹಾಕುವಂಥ ಕೋಣೆ, ಎರಡು ಮಂಚ, ಸೊಳ್ಳೆ ಪರದೆ, ನೀರಿರುವ ಶೌಚಾಲಯ, ಬಸ್ ನಿಲ್ಲುವ ಕಡೆ ಒಂದು ಬೀದಿದೀಪ. ಕಟ್ಟಡದ ಕೆಲಸಕ್ಕೆ ಪಂಚಾಯಿತಿಯ ಸ್ವಂತ ಸಂಪನ್ಮೂಲವನ್ನೋ ಹಣಕಾಸು ಆಯೋಗದ ಅನಿರ್ಬಂಧಿತ ಅನುದಾನವನ್ನೋ ಕ್ರಿಯಾಯೋಜನೆಯಲ್ಲಿ ತೋರಿಸಿ ಬಳಸಬಹುದು. 2021–26ರ ಅವಧಿಯ 15ನೇ ಆಯೋಗದಲ್ಲಿ ಈ ಪಾಲು ಶೇ. 40 ಇತ್ತು, ಉಳಿದ 60 ಕುಡಿಯುವ ನೀರು, ನೈರ್ಮಲ್ಯಕ್ಕೆ ಕಟ್ಟಿಹಾಕಿದ ಹಣ. ಎಷ್ಟೋ ಊರುಗಳಲ್ಲಿ ಹಾಲ್ಟ್ ಬಸ್ ನಿಂತುಹೋಗುವುದು ಆದಾಯವಿಲ್ಲದೆ ಅಲ್ಲ. ಕೋಣೆಯ ಸೂರು ಸೋರುತ್ತದೆ, ಶೌಚಾಲಯದ ಬೀಗ ಯಾರದೋ ಮನೆಯಲ್ಲಿರುತ್ತದೆ, ಸಿಬ್ಬಂದಿ ಆ ಡ್ಯೂಟಿ ಒಲ್ಲೆ ಎನ್ನುತ್ತಾರೆ.

ಮನವಿ ಹೇಗಿರಬೇಕು? ಒಂದು ಹಾಳೆ ಸಾಕು, ಹಿಂದೆ ಎರಡು ಅನುಬಂಧ. ಮೊದಲ ಅನುಬಂಧದಲ್ಲಿ ಶಾಲಾ ಕಾಲೇಜಿನ ಮುಖ್ಯಸ್ಥರ ಸಹಿ ಇರುವ ವಿದ್ಯಾರ್ಥಿಗಳ ಪಟ್ಟಿ, ಯಾವ ಗಂಟೆಗೆ ತಲುಪಬೇಕು ಎಂಬುದರ ಸಮೇತ. ಎರಡನೆಯದರಲ್ಲಿ ಒಂದು ವಾರದ ಎಣಿಕೆ: ಕ್ರಾಸ್‌ನಲ್ಲಿ ನಿಂತು ಬೆಳಿಗ್ಗೆ 7ರಿಂದ 10, ಸಂಜೆ 4ರಿಂದ 7ರವರೆಗೆ ಎಷ್ಟು ಜನ ಯಾವುದರಲ್ಲಿ ಹೋದರು, ಅವರಲ್ಲಿ ಹೆಂಗಸರೆಷ್ಟು ಎಂದು ಬರೆದಿಡಿ. ಸಂತೆಯ ದಿನದ ಅಂಕಿಯನ್ನು ಬೇರೆ ತೋರಿಸಿ. ಅದನ್ನೂ ಸೇರಿಸಿ ಸರಾಸರಿ ತೆಗೆದರೆ ಸಂಚಾರ ನಿಯಂತ್ರಕರಿಗೆ ಕೂಡಲೇ ಗೊತ್ತಾಗುತ್ತದೆ, ಉಳಿದ ಅಂಕಿಯ ಮೇಲಿನ ನಂಬಿಕೆಯೂ ಹೋಗುತ್ತದೆ. ಗ್ರಾಮಸಭೆಯ ನಡಾವಳಿಯ ಪ್ರತಿ ಲಗತ್ತಿಸಿ ಘಟಕ ವ್ಯವಸ್ಥಾಪಕರಿಗೆ ಒಂದು, ವಿಭಾಗೀಯ ನಿಯಂತ್ರಣಾಧಿಕಾರಿಗೆ ಒಂದು ಕೊಟ್ಟು ಸ್ವೀಕೃತಿ ಪಡೆಯಿರಿ. ನಿಗಮದ ವಿಭಾಗದ ಗಡಿಯೂ ಜಿಲ್ಲೆಯ ಗಡಿಯೂ ಎಲ್ಲ ಕಡೆ ಒಂದೇ ಅಲ್ಲ. ನಿಮ್ಮ ಡಿಪೋ ಹಾಸನ ವಿಭಾಗದ್ದೋ ಚಿಕ್ಕಮಗಳೂರು ವಿಭಾಗದ್ದೋ ಎಂದು ಕೇಳಿಕೊಂಡೇ ಮೇಲಿನ ಪತ್ರ ಬರೆಯಿರಿ, ಇಲ್ಲದಿದ್ದರೆ ಅದು ಟಪಾಲಿನಲ್ಲೇ ತಿರುಗುತ್ತಿರುತ್ತದೆ.

"ನಷ್ಟ" ಎಂದು ಬರೆದು ಕೊಟ್ಟಿದ್ದರೆ ಅದರ ಆಧಾರ ಕೇಳಿ. ಮಾಹಿತಿ ಹಕ್ಕು ಅರ್ಜಿಗೆ 10 ರೂ. ಶುಲ್ಕ, 30 ದಿನದೊಳಗೆ ಉತ್ತರ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. "ಇಂಥ ಮಾರ್ಗದ ಕಳೆದ ಆರು ತಿಂಗಳ ಟ್ರಿಪ್‌ವಾರು ಆದಾಯ, ಶಕ್ತಿ ಯೋಜನೆಯಡಿ ಹೆಂಗಸರಿಗೆ ಕೊಟ್ಟ ಉಚಿತ (ಶೂನ್ಯ) ಟಿಕೆಟ್ಟಿನ ಮೌಲ್ಯ ಸೇರಿಸಿ" ಎಂದು ಕೇಳಿ. ಟ್ರಿಪ್‌ವಾರು ಎಂಬ ಮಾತು ಬಿಟ್ಟರೆ ಇಡೀ ಶೆಡ್ಯೂಲಿನ ಒಟ್ಟು ಮೊತ್ತ ಬರುತ್ತದೆ, ಅದರಿಂದ ನಿಮಗೇನೂ ತಿಳಿಯುವುದಿಲ್ಲ.

ಪ್ರಶ್ನೆ: ಹೆಂಗಸರಿಗೆ ಉಚಿತ ಮಾಡಿದ ಮೇಲೆ ಬಸ್ಸುಗಳೆಲ್ಲ ತುಂಬಿ ತುಳುಕುತ್ತಿವೆ, ಬಸ್ಸು ಮಾತ್ರ ಹೆಚ್ಚಾಗಿಲ್ಲ. ಶಕ್ತಿ ಯೋಜನೆಯ ದುಡ್ಡು ನಿಗಮಕ್ಕೆ ಬರುತ್ತದೋ ಇಲ್ಲವೋ? – ಅರಸೀಕೆರೆ

ಉತ್ತರ: ಬರುತ್ತದೆ, ಆದರೆ ನಗದು ಟಿಕೆಟ್ಟಿನಂತೆ ಅಂದೇ ಸಂಜೆ ಅಲ್ಲ. 2023ರ ಜೂನ್ 11ರಂದು ಶುರುವಾದ ಈ ಯೋಜನೆಯಲ್ಲಿ ನಿರ್ವಾಹಕರು ಕೊಡುವ ಶೂನ್ಯ ಟಿಕೆಟ್ಟಿನ ಮೌಲ್ಯ ಯಂತ್ರದಲ್ಲಿ ದಾಖಲಾಗುತ್ತದೆ, ಅದರ ಮೇಲೆ ನಿಗಮ ಸರ್ಕಾರದಿಂದ ಹಣ ಪಡೆಯುತ್ತದೆ. ಡೀಸೆಲ್ ಬಂಕಿನವರು ಮಾತ್ರ ಅಲ್ಲಿಯವರೆಗೆ ಕಾಯುವುದಿಲ್ಲ. 2025ರ ಜನವರಿಯಲ್ಲಿ ನಾಲ್ಕೂ ನಿಗಮಗಳಿಗೆ ಭವಿಷ್ಯನಿಧಿ, ಇಂಧನದ ಬಾಕಿ ತೀರಿಸಲು ಒಟ್ಟು 2,000 ಕೋಟಿ ರೂ. ಸಾಲಕ್ಕೆ ಸಂಪುಟ ಒಪ್ಪಬೇಕಾಯಿತು. ಅದೇ ತಿಂಗಳ 5ರಿಂದ ಟಿಕೆಟ್ ದರವೂ ಶೇ. 15 ಏರಿತು.

ಹೊಸ ಬಸ್ ಬರಲು ತಡವೇಕೆ ಎಂದರೆ ಟೆಂಡರು, ಆಮೇಲೆ ಚಾಸಿ, ಆಮೇಲೆ ಕವಚ ಕಟ್ಟುವುದು, ನೋಂದಣಿ. ಬಸ್ ಬಂದರೂ ಸಿಬ್ಬಂದಿ ನೇಮಕವಾಗದಿದ್ದರೆ ಅದು ಡಿಪೋದ ಹಳೇ ಬಸ್ಸಿನ ಜಾಗಕ್ಕೆ ಹೋಗುತ್ತದೆಯೇ ಹೊರತು ಟ್ರಿಪ್ ಹೆಚ್ಚುವುದಿಲ್ಲ.

ಪ್ರಯಾಣಿಕರ ಕೈಯಲ್ಲಿರುವ ಒಂದು ಮಾತು. "ಹೇಗೂ ಫ್ರೀ, ಟಿಕೆಟ್ ಯಾಕೆ" ಎಂದು ಕೆಲವರು ಶೂನ್ಯ ಟಿಕೆಟ್ ಕೇಳುವುದೇ ಇಲ್ಲ. ಅಲ್ಲಿಗೆ ಆ ಪ್ರಯಾಣದ ಹಣವೂ ಹೋಯಿತು, ಮಾರ್ಗದ ಲೆಕ್ಕದಲ್ಲಿ ಆ ತಲೆಯೂ ಇಲ್ಲ. ಮೂವತ್ತು ಜನ ಹೆಂಗಸರು ಓಡಾಡುವ ಬಸ್ಸು ಕಾಗದದಲ್ಲಿ ಖಾಲಿ ಬಸ್ಸಾಗಿ, ಮುಂದೊಂದು ದಿನ ರದ್ದಾಗುತ್ತದೆ. ಇಳಿಯುವ ಊರಿನ ಹೆಸರು ಸರಿಯಾಗಿ ಹೇಳಿ ಟಿಕೆಟ್ ತೆಗೆದುಕೊಳ್ಳಿ. ಹತ್ತಿರದ ಸ್ಟಾಪಿಗೆ ಹರಿದುಕೊಟ್ಟರೆ ದೂರದ ಮೌಲ್ಯ ದಾಖಲಾಗುವುದಿಲ್ಲ.

ಪ್ರಶ್ನೆ: ಶಿವಮೊಗ್ಗ, ತುಮಕೂರು, ದಾವಣಗೆರೆಗಳ ಹೆಸರು ಕೇಂದ್ರದ ಎಲೆಕ್ಟ್ರಿಕ್ ಸಿಟಿ ಬಸ್ ಯೋಜನೆಯಲ್ಲಿ ಕೇಳಿಬರುತ್ತದೆ. ಹಾಸನ ಯಾಕಿಲ್ಲ? ಪಾಲಿಕೆಯಾದರೆ ಸಿಗುತ್ತದೆಯೇ? – ಹಾಸನ ನಗರ

ಉತ್ತರ: ಪಾಲಿಕೆಯ ದರ್ಜೆಗೂ ಇದಕ್ಕೂ ಸಂಬಂಧವಿಲ್ಲ. ಪಿಎಂ ಇ-ಬಸ್ ಸೇವಾ ಯೋಜನೆಗೆ 2023ರ ಆಗಸ್ಟ್ 16ರಂದು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಾಗ ಗೆರೆ ಎಳೆದದ್ದು ಜನಸಂಖ್ಯೆಯ ಮೇಲೆ: 2011ರ ಜನಗಣತಿಯಂತೆ ಮೂರು ಲಕ್ಷ ಮತ್ತು ಮೇಲ್ಪಟ್ಟ ನಗರಗಳು, ಜೊತೆಗೆ ಕೇಂದ್ರಾಡಳಿತ ಪ್ರದೇಶ, ಈಶಾನ್ಯ ಮತ್ತು ಗುಡ್ಡಗಾಡು ರಾಜ್ಯಗಳ ರಾಜಧಾನಿಗಳು. ನೀವು ಹೇಳಿದ ಮೂರೂ ನಗರಗಳು ಆ ಗೆರೆ ದಾಟುತ್ತವೆ. ಆ ಗಣತಿಯಲ್ಲಿ ಹಾಸನ ಒಂದೂವರೆ ಲಕ್ಷದ ಆಸುಪಾಸು, ಚಿಕ್ಕಮಗಳೂರು ಒಂದೂಕಾಲು ಲಕ್ಷಕ್ಕೂ ಕಡಿಮೆ. ಸುತ್ತಲಿನ ಹಳ್ಳಿಗಳನ್ನು ಈಗ ಸೇರಿಸಿಕೊಂಡರೂ 2011ರ ಅಂಕಿ ಬದಲಾಗುವುದಿಲ್ಲ.

ಆ ಯೋಜನೆಯ ಒಳಗುಟ್ಟು ತಿಳಿದಿದ್ದರೆ ನಾಳೆ ಇನ್ನೊಂದು ಯೋಜನೆ ಬಂದಾಗ ಉಪಯೋಗವಾದೀತು. ಹಿಂದಿನ ಯೋಜನೆಗಳಲ್ಲಿ ಕೇಂದ್ರ ಬಸ್ ಕೊಳ್ಳಲು ದುಡ್ಡು ಕೊಟ್ಟು ಕೈ ತೊಳೆದುಕೊಳ್ಳುತ್ತಿತ್ತು. ಬಿಡಿಭಾಗಕ್ಕೆ, ಸಂಬಳಕ್ಕೆ ಹಣವಿಲ್ಲದೆ ಬಸ್ಸುಗಳು ಮೂಲೆ ಸೇರಿದವು. ಇದರಲ್ಲಿ ಖರೀದಿಗೆ ಬದಲು ಓಡಿದ ಕಿಲೋಮೀಟರಿಗೆ ನೆರವು: 12 ಮೀಟರ್ ಬಸ್ಸಿಗೆ 24 ರೂ., 9 ಮೀಟರಿನದಕ್ಕೆ 22, 7 ಮೀಟರಿನದಕ್ಕೆ 20, ಹತ್ತು ವರ್ಷದ ಮಟ್ಟಿಗೆ. ಬಸ್ಸೂ ಚಾಲಕರೂ ಖಾಸಗಿ ಕಂಪನಿಯವರು, ಟಿಕೆಟ್ಟಿನ ಹಣ ಸಾರಿಗೆ ಸಂಸ್ಥೆಗೆ. ಕಂಪನಿಗೆ ಕಿಲೋಮೀಟರ್ ಲೆಕ್ಕದಲ್ಲಿ ಬಾಡಿಗೆ. ಕೇಂದ್ರದ 24 ರೂ. ಕಳೆದು ಉಳಿದ ಬಾಡಿಗೆಯನ್ನು ಟಿಕೆಟ್ಟಿನಿಂದಲೋ ರಾಜ್ಯದ ಬೊಕ್ಕಸದಿಂದಲೋ ತುಂಬಬೇಕು. ಒಪ್ಪಂದದಲ್ಲಿ ದಿನಕ್ಕೆ ಇಂತಿಷ್ಟು ಎಂಬ ಖಾತ್ರಿ ಕಿಲೋಮೀಟರ್ ಇರುತ್ತದೆ. ರಸ್ತೆ ಅಗೆದು, ಜಾತ್ರೆ ನಡೆದು ಅಷ್ಟು ಓಡಿಸಲಾಗದಿದ್ದರೂ ಆ ಬಾಡಿಗೆಯ ಹೊಣೆ ಸಂಸ್ಥೆಯ ಮೇಲೆ ಬರುತ್ತದೆ. ಸಣ್ಣ ನಗರದಲ್ಲಿ ಮಾರ್ಗಗಳು ಐದಾರು ಕಿ.ಮೀ. ಉದ್ದವಷ್ಟೇ ಇರುವಾಗ ದಿನದ ಖಾತ್ರಿ ಮುಟ್ಟುವುದೇ ಕಷ್ಟ. ಹಾಸನಕ್ಕೆ ಈ ಮಾದರಿ ಬರುವುದಾದರೆ ನಗರದೊಳಗಿನ ಓಟದ ಜೊತೆಗೆ ಆಲೂರು, ದುದ್ದ, ಶಾಂತಿಗ್ರಾಮದಂಥ ಹತ್ತಿರದ ಊರುಗಳನ್ನೂ ಸೇರಿಸಿದರೆ ಮಾತ್ರ ಲೆಕ್ಕ ಕೂಡುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಎಲೆಕ್ಟ್ರಿಕ್ ವಾಹನಗಳಿಗೆ ನೆರವು ಕೊಡಲು 2024ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ 14,028 ಬಸ್ಸಿಗೆ 4,391 ಕೋಟಿ ರೂ. ಇಟ್ಟಿದ್ದಾರೆ. ಅದರ ಮೊದಲ ಗುರಿ 40 ಲಕ್ಷ ಮೀರಿದ ಒಂಬತ್ತು ಮಹಾನಗರಗಳು, ನಮ್ಮಲ್ಲಿ ಬೆಂಗಳೂರು. ಊರಿಂದೂರಿಗೆ ಓಡುವ ಬಸ್ಸುಗಳಿಗೂ ಅದರಲ್ಲಿ ಅವಕಾಶವಿಟ್ಟಿದ್ದಾರೆ. ಬೆಂಗಳೂರು–ಚಿಕ್ಕಮಗಳೂರು ನಡುವೆ ಓಡುವ ನಿಗಮದ ಎಲೆಕ್ಟ್ರಿಕ್ ಬಸ್ ಇವಿ ಪವರ್ ಪ್ಲಸ್, ಅದಕ್ಕೂ ಹಿಂದೆ ಕೇಂದ್ರ ಎಲೆಕ್ಟ್ರಿಕ್ ವಾಹನಗಳಿಗೆ ತಂದಿದ್ದ ಫೇಮ್-2 ಯೋಜನೆಯ ನೆರವಿನದು. ನಮ್ಮ ಭಾಗದ ಕೈಗೆಟಕುವುದು ಸದ್ಯ ಈ ಬಗೆಯದೇ.

ಪ್ರಶ್ನೆ: ರಸ್ತೆ ಕಿರಿದು, ಬಸ್ ತಿರುಗಿಸಲು ಜಾಗವಿಲ್ಲ ಎಂದು ಸರ್ವೆಗೆ ಬಂದವರು ಹೇಳಿ ಹೋದರು. ರಸ್ತೆಗೆ ಯಾವ ಯೋಜನೆಯಲ್ಲಿ ಹಣ ಕೇಳಬೇಕು? – ಮೂಡಿಗೆರೆ ತಾಲ್ಲೂಕು

ಉತ್ತರ: ಮೊದಲು ತಿರುಗಿಸುವ ಜಾಗ, ಅದಕ್ಕೆ ಖರ್ಚು ಕಡಿಮೆ. ಉದ್ದನೆಯ ಬಸ್ ಒಂದೇ ಸುತ್ತಿಗೆ ತಿರುಗಲು ಸುಮಾರು 24 ಮೀಟರ್ ವ್ಯಾಸದ ಬಯಲು ಬೇಕು. ಅಷ್ಟು ಸಿಗದಿದ್ದರೆ ಅಡ್ಡರಸ್ತೆಯೊಂದರ ಬಾಯಿ ಅಗಲಿಸಿ, ಹಿಂದಕ್ಕೆ ತೆಗೆದು ತಿರುಗಿಸುವಂತೆ ಮಾಡಬಹುದು. ಆದರೆ ನೆಲ ಗಟ್ಟಿ ಇರಬೇಕು. ಬೇಸಿಗೆಯಲ್ಲಿ ಜೆಸಿಬಿಯಿಂದ ಸಮ ಮಾಡಿಸಿ ಬಸ್ ತರಿಸಿದ ಜಾಗದಲ್ಲಿ ಆಷಾಢದ ಮಳೆಗೆ ಹಿಂದಿನ ಚಕ್ರ ಹೂತುಹೋದರೆ, ಮರುದಿನದಿಂದ ಆ ಬಸ್ ಕ್ರಾಸ್‌ನಲ್ಲೇ ತಿರುಗುತ್ತದೆ. ಬೋಲ್ಡರ್ ಹಾಕಿ, ಗ್ರಾವೆಲ್ ಹಾಸಿ ರೋಲರ್ ಹೊಡೆಸಿ, ಮೇಲಿನ ಬದಿಗೆ ಚರಂಡಿ ತೆಗೆಸಿ.

ಸರ್ವೆಗೆ ಬಂದವರು ಇನ್ನೂ ಮೂರು ನೋಡುತ್ತಾರೆ. ಬಸ್ಸಿನ ಅಗಲವೇ ಎರಡೂವರೆ ಮೀಟರಿಗೂ ಮೇಲೆ. ಗ್ರಾಮೀಣ ರಸ್ತೆಯ ಡಾಂಬರು 3 ಅಥವಾ 3.75 ಮೀಟರ್. ಎದುರಿನಿಂದ ಕಾಫಿ ಮೂಟೆಯ ಪಿಕಪ್ ಬಂದರೆ ಒಬ್ಬರು ಕೆಳಗಿಳಿಯಲೇಬೇಕು, ಹಾಗಾಗಿ ರಸ್ತೆ ಅಂಚು ಗಟ್ಟಿಯಾಗಿರಬೇಕು, ಅಲ್ಲಲ್ಲಿ ಸರಿದು ನಿಲ್ಲುವ ಜಾಗ ಬೇಕು. ಎರಡನೆಯದು ಮೇಲೆ ಬಾಗಿದ ಸಿಲ್ವರ್ ಓಕ್ ಕೊಂಬೆ, ಜೋತುಬಿದ್ದ ವಿದ್ಯುತ್ ತಂತಿ. ಮೂರನೆಯದು ಮೋರಿಗಳು: ಜೀಪು ದಾಟುವ ಕಲ್ಲುಚಪ್ಪಡಿ ತುಂಬಿದ ಬಸ್ಸನ್ನು ತಾಳುತ್ತದೆಂಬ ಖಾತ್ರಿಯಿಲ್ಲ. ಈ ಮೂರರ ಪಟ್ಟಿಯನ್ನು ಕಿ.ಮೀ. ಗುರುತಿನ ಸಮೇತ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. "ರಸ್ತೆ ಸರಿಯಿಲ್ಲ" ಎಂಬ ಒಂದು ಸಾಲಿನ ಮೇಲೆ ಯಾವ ಎಂಜಿನಿಯರೂ ಅಂದಾಜು ಪಟ್ಟಿ ಮಾಡಲಾರ.

ರಸ್ತೆಗೆ ದೊಡ್ಡ ಬಾಗಿಲು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ. ಅದರ ನಾಲ್ಕನೇ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಸಿಕ್ಕಿದೆ: 2028–29ರವರೆಗೆ ದೇಶದಾದ್ಯಂತ 25,000 ಜನವಸತಿಗಳಿಗೆ 62,500 ಕಿ.ಮೀ., 70,125 ಕೋಟಿ ರೂ. ಇದು ಈವರೆಗೆ ಸರ್ವಋತು ರಸ್ತೆಯೇ ಇಲ್ಲದ ಕಡೆಗೆ. ಬಯಲಿನಲ್ಲಿ 2011ರ ಪ್ರಕಾರ 500 ಜನರಿರಬೇಕು. 250 ಸಾಕು ಎಂಬ ರಿಯಾಯಿತಿ ಈಶಾನ್ಯ, ಗುಡ್ಡಗಾಡು ರಾಜ್ಯಗಳಂಥ ಕಡೆಗೆ. ನಮ್ಮ ಮಲೆನಾಡು ಎಷ್ಟೇ ಗುಡ್ಡವಾದರೂ ಕರ್ನಾಟಕ ಆ ಪಟ್ಟಿಯಲ್ಲಿಲ್ಲ, ಇದು ಅನ್ಯಾಯವೆಂದೇ ನಮ್ಮ ಮತ. ಮನೆಗಳು ತೋಟದ ನಡುವೆ ಚದುರಿರುವುದರಿಂದ ಇಲ್ಲಿ 500 ತುಂಬುವುದು ಕಷ್ಟ. ಎಣಿಕೆ ಕಂದಾಯ ಗ್ರಾಮದ್ದಲ್ಲ, ಜನವಸತಿಯದು. 500 ಮೀಟರ್ ಒಳಗಿನ ಕೇರಿಗಳನ್ನು ಒಟ್ಟುಗೂಡಿಸಿ ತೋರಿಸಲು ಅವಕಾಶವಿದೆ, ಅದನ್ನು ಬಿಡಬೇಡಿ. ಈಗಾಗಲೇ ಸಡಕ್ ಯೋಜನೆಯಲ್ಲಿ ಆದ ರಸ್ತೆಯಾದರೆ ಮೊದಲ ಐದು ವರ್ಷ ಗುತ್ತಿಗೆದಾರರೇ ದುರಸ್ತಿ ಮಾಡಬೇಕು. ದಿನಾಂಕ ರಸ್ತೆ ಬದಿಯ ಫಲಕದಲ್ಲೇ ಇರುತ್ತದೆ.

ಮೋರಿ, ಕಾಲುಸಂಕ, ಅಂಚು ಗಟ್ಟಿಮಾಡುವಂಥ ಸಣ್ಣ ಕೆಲಸಕ್ಕೆ ಶಿವಮೊಗ್ಗದಲ್ಲಿ ಕೇಂದ್ರ ಕಚೇರಿಯಿರುವ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿ, ಇಲ್ಲವೇ ಶಾಸಕರ ನಿಧಿ. ಎರಡೂ ಜಿಲ್ಲೆ ಮಂಡಳಿಯ ವ್ಯಾಪ್ತಿಯಲ್ಲಿವೆ.

ರಸ್ತೆ ಎಸ್ಟೇಟಿನ ಒಳಗೆ ಹಾದುಹೋಗುತ್ತಿದ್ದರೆ, ಮಾಲೀಕರ ಬಾಯಿಮಾತಿನ ಒಪ್ಪಿಗೆ ಸಾಲದು. ಪಂಚಾಯಿತಿ ಹೆಸರಿಗೆ ದಾನಪತ್ರವಾಗಿ ನೋಂದಣಿಯಾಗದೆ ಸರ್ಕಾರಿ ಹಣ ಅಲ್ಲಿ ಇಳಿಯುವುದು ಕಷ್ಟ. ಅರಣ್ಯದ ತುಂಡು ಅಡ್ಡ ಬಂದರೆ, ಅರಣ್ಯ ಹಕ್ಕು ಕಾಯ್ದೆ 2006ರ ಕಲಂ 3(2) ನೋಡಿ. ಅರಣ್ಯವಾಸಿಗಳ ಊರಿಗೆ ರಸ್ತೆಯಂಥ ಸೌಕರ್ಯಕ್ಕೆ ಒಂದು ಹೆಕ್ಟೇರಿಗೆ ಕಡಿಮೆ ಜಾಗ, ಹೆಕ್ಟೇರಿಗೆ 75 ಮರ ಮೀರದಂತೆ, ಗ್ರಾಮಸಭೆಯ ಶಿಫಾರಸಿನ ಮೇಲೆ ಅನುಮತಿ ಸಿಗುತ್ತದೆ. ಗ್ರಾಮಸಭೆಯ ಠರಾವಿನಲ್ಲಿ ಸರ್ವೆ ನಂಬರು, ಉದ್ದ, ಅಗಲ ಇಲ್ಲದಿದ್ದರೆ ಕಡತ ವಾಪಸ್ ಬರುತ್ತದೆ.

ಪ್ರಶ್ನೆ: ತಂಗುದಾಣಕ್ಕೆ ಸಂಸದರ ನಿಧಿ ಕೇಳಲು ಹೋದರೆ "ನಿಮ್ಮ ಸಂಸದರು ಬೇರೆ" ಎಂದರು. ನಾವು ಚಿಕ್ಕಮಗಳೂರು ಜಿಲ್ಲೆಯವರಲ್ಲವೇ? – ಕಡೂರು

ಉತ್ತರ: ಜಿಲ್ಲೆ ಚಿಕ್ಕಮಗಳೂರು, ಲೋಕಸಭೆಗೆ ಹಾಸನ. ಕಡೂರು ವಿಧಾನಸಭಾ ಕ್ಷೇತ್ರ ಹಾಸನ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ. ಚಿಕ್ಕಮಗಳೂರು, ಮೂಡಿಗೆರೆ, ಶೃಂಗೇರಿ, ತರೀಕೆರೆ ಉಡುಪಿ-ಚಿಕ್ಕಮಗಳೂರಿಗೆ. ಪತ್ರ ಹಾಸನದ ಸಂಸದರಿಗೆ ಹೋಗಬೇಕು, ಕೆಲಸ ಮಾಡಿಸುವುದು ಚಿಕ್ಕಮಗಳೂರು ಜಿಲ್ಲಾಡಳಿತ.

ಸಂಸದರ ನಿಧಿ ವರ್ಷಕ್ಕೆ 5 ಕೋಟಿ ರೂ., ಶಾಸಕರದು 2 ಕೋಟಿ. ಎರಡರಲ್ಲೂ ತಂಗುದಾಣ ಕಟ್ಟಬಹುದು, ದಿನದ ನಿರ್ವಹಣೆಗೆ ಕೊಡುವುದಿಲ್ಲ. ಜಾಗ ಸರ್ಕಾರದ್ದೋ ಪಂಚಾಯಿತಿಯದ್ದೋ ಆಗಿರಬೇಕು. ರಾಷ್ಟ್ರೀಯ ಹೆದ್ದಾರಿಯ ಅಂಚಾದರೆ ಹೆದ್ದಾರಿಯವರ ನಿರಾಕ್ಷೇಪಣೆ ಮೊದಲು ಬೇಕು, ರಸ್ತೆ ಅಗಲೀಕರಣದ ಗುರುತು ಎಲ್ಲಿದೆ ಎಂದು ಕೇಳಿಕೊಳ್ಳಿ. ಇಲ್ಲವಾದರೆ ಎರಡು ವರ್ಷದಲ್ಲಿ ಒಡೆಯುತ್ತಾರೆ. ಚುನಾವಣಾ ನೀತಿ ಸಂಹಿತೆ ಜಾರಿಯಾದರೆ ಹೊಸ ಕೆಲಸ ಶುರುವಾಗುವುದಿಲ್ಲ, ಹಾಗಾಗಿ ಅಂದಾಜು ಪಟ್ಟಿಯನ್ನು ಮೊದಲೇ ಮಾಡಿಸಿಡಿ.

ಕಟ್ಟುವಾಗ ಗುತ್ತಿಗೆದಾರರ ಮೇಲೆ ಬಿಡದೆ ಕೆಲವನ್ನು ನಿಂತು ನೋಡಿ. ತಂಗುದಾಣ ಕ್ರಾಸ್ ದಾಟಿದ ಮೇಲೆ ಇರಲಿ. ಮೊದಲೇ ಇದ್ದರೆ ನಿಂತ ಬಸ್ಸು ತಿರುವಿನ ನೋಟವನ್ನೇ ಮುಚ್ಚುತ್ತದೆ. ಮುಂದೆ ಬಸ್ ರಸ್ತೆಯಿಂದ ಸರಿದು ನಿಲ್ಲಲು 15 ಮೀಟರ್ ಉದ್ದದ ಜಾಗ ಬಿಡಿ. ಮುಂಗಾರಿನ ಗಾಳಿ ನೈಋತ್ಯದಿಂದ ಬೀಸುವುದರಿಂದ ಆ ಕಡೆ ಗೋಡೆ ಪೂರ್ತಿ ಏಳಲಿ, ಆದರೆ ಬಸ್ ಬರುವ ದಿಕ್ಕಿನ ಗೋಡೆ ಸೊಂಟದೆತ್ತರ ಸಾಕು. ಕೂತವರಿಗೆ ಬಸ್ ಕಾಣದಿದ್ದರೆ ಎಲ್ಲರೂ ಮಳೆಯಲ್ಲೇ ಹೊರಗೆ ನಿಲ್ಲುತ್ತಾರೆ, ಒಳಗೆ ದನ ಮಲಗುತ್ತದೆ. ಮಂಜೂರಾದ ಹಣದಲ್ಲಿ ಹೆಸರಿನ ಫಲಕಕ್ಕೆ ಗ್ರಾನೈಟ್ ಹಾಕಿಸುವ ಉತ್ಸಾಹ ಬೆಂಚಿಗೂ ಇದ್ದರೆ ಒಳ್ಳೆಯದು.

ಪ್ರಶ್ನೆ: ಚಿಕ್ಕಮಗಳೂರು–ಬೇಲೂರು–ಹಾಸನ ರೈಲಿಗೆ ಹಣ ಬಂತೋ ಇಲ್ಲವೋ ತಿಳಿಯುವುದು ಹೇಗೆ? – ಚಿಕ್ಕಮಗಳೂರು

ಉತ್ತರ: ಭಾಷಣ ಕೇಳಿ ಅಲ್ಲ, ಪಿಂಕ್ ಬುಕ್ ನೋಡಿ. ಕೇಂದ್ರ ಬಜೆಟ್ಟಿನ ಜೊತೆ ರೈಲ್ವೆ ತನ್ನ ಜಾಲತಾಣದಲ್ಲಿ ವಲಯವಾರು ಹಾಕುವ ಈ ಪಟ್ಟಿಯಲ್ಲಿ ನೈಋತ್ಯ ರೈಲ್ವೆಯ ಪುಟ ತೆರೆದರೆ ಪ್ರತಿ ಕಾಮಗಾರಿಯ ಎದುರು ಆ ವರ್ಷದ ಮೊತ್ತವಿರುತ್ತದೆ. ಕೆಲವು ಮಾರ್ಗಗಳ ಎದುರು ಕೇವಲ 1,000 ರೂ. ಕಾಣುತ್ತದೆ, ಅದು ಹೆಸರು ಉಳಿಸಿಕೊಳ್ಳಲು ಇಟ್ಟ ಸಾಂಕೇತಿಕ ಹಣ. ಕರ್ನಾಟಕದ ಹಲವು ಹೊಸ ಮಾರ್ಗಗಳಲ್ಲಿ ಅರ್ಧ ವೆಚ್ಚವೂ ಭೂಮಿಯೂ ರಾಜ್ಯದ ಪಾಲು, ಹಾಗಾಗಿ ಭೂಸ್ವಾಧೀನದ ಕಡತ ಎಲ್ಲಿದೆ ಎಂದು ಜಿಲ್ಲಾಧಿಕಾರಿ ಕಚೇರಿಯಲ್ಲೂ ಕೇಳಬೇಕು. ಕಡೂರು–ಚಿಕ್ಕಮಗಳೂರಿನ 46 ಕಿ.ಮೀ. 2013ರಲ್ಲಿ, ಶ್ರವಣಬೆಳಗೊಳದ ಮೇಲಿನ ಹಾಸನ–ಬೆಂಗಳೂರು 2017ರಲ್ಲಿ ತೆರೆದವು.

ಪ್ರಶ್ನೆ: ಸಹಕಾರ ಸಾರಿಗೆ ನಿಂತ ಮೇಲೆ ನಮ್ಮ ಕಡೆ ಕೆಲವು ಊರುಗಳಿಗೆ ಬಸ್ಸೇ ಇಲ್ಲ. ನಾವೇ ಕೆಲವರು ಸೇರಿ ಮಿನಿ ಬಸ್ ಓಡಿಸಿದರೆ ಸರ್ಕಾರದ ಸಹಾಯಧನ ಸಿಗುತ್ತದೆಯೇ? – ಕೊಪ್ಪ ತಾಲ್ಲೂಕು

ಉತ್ತರ: ಓಡಿಸಲು ಪರ್ಮಿಟ್ ಸಿಗಬಹುದು, ಸಹಾಯಧನದ ಮೇಲೆ ಲೆಕ್ಕ ಹಾಕಬೇಡಿ. 1991ರಲ್ಲಿ ಕಾರ್ಮಿಕರೇ ಕಟ್ಟಿ ಮಲೆನಾಡಿನ ಮೂಲೆಮೂಲೆಗೆ ಬಸ್ ಬಿಟ್ಟ ಸಹಕಾರ ಸಾರಿಗೆಯೂ 2020ರಲ್ಲಿ ನಿಲ್ಲಬೇಕಾಯಿತು. ಈಗ ಇನ್ನೊಂದು ತೊಡಕಿದೆ: ಶಕ್ತಿ ಯೋಜನೆ ಖಾಸಗಿ ಬಸ್ಸಿಗೆ ಅನ್ವಯಿಸುವುದಿಲ್ಲ. ಅದೇ ಹಾದಿಯಲ್ಲಿ ಸರ್ಕಾರಿ ಬಸ್ ಇದ್ದರೆ ಹೆಂಗಸರು ಅದಕ್ಕೇ ಕಾಯುತ್ತಾರೆ. ಸರ್ಕಾರಿ ಬಸ್ ಹೋಗದ, ಅಥವಾ ಅದರ ವೇಳೆಗೂ ನಿಮ್ಮ ವೇಳೆಗೂ ಎರಡು ಗಂಟೆಯಾದರೂ ಅಂತರವಿರುವ ಹಾದಿಯನ್ನೇ ಆರಿಸಿ.

ಸ್ಟಾಪ್‌ಸ್ಟಾಪಿಗೆ ಜನ ಹತ್ತಿಸಿ ಇಳಿಸಲು ಮಜಲು ವಾಹನದ ಪರ್ಮಿಟ್ ಬೇಕು. ಅರ್ಜಿ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ, ಆರ್‌ಟಿಒ ಕಚೇರಿಯ ಮೂಲಕ. ಮಾರ್ಗ, ದಿನದ ಟ್ರಿಪ್, ವೇಳಾಪಟ್ಟಿ ಕೊಡಬೇಕು. ಮಾರ್ಗದ ತುಂಡೊಂದು ನಿಗಮಕ್ಕೆ ಮೀಸಲಾದ ರಾಷ್ಟ್ರೀಕೃತ ಸ್ಕೀಮಿನ ಮೇಲೆ ಬರುತ್ತದೆಯೇ ಎಂದು ಮೊದಲೇ ನೋಡಿ, ಹೆಚ್ಚಿನ ಅರ್ಜಿಗಳು ತಕರಾರಿಗೆ ಸಿಗುವುದು ಅಲ್ಲಿ. ಪರ್ಮಿಟ್ ಐದು ವರ್ಷಕ್ಕೆ. ಸೀಟಿನ ಲೆಕ್ಕದ ತೆರಿಗೆ ಮೂರು ತಿಂಗಳಿಗೊಮ್ಮೆ ಕಟ್ಟಬೇಕು, ಬಸ್ ವರ್ಕ್‌ಶಾಪಿನಲ್ಲಿದ್ದರೂ ಗಡುವು ನಿಲ್ಲುವುದಿಲ್ಲ. ಬದಲಿಗೆ ಮ್ಯಾಕ್ಸಿಕ್ಯಾಬ್ ತೆಗೆದುಕೊಂಡು ತಲೆಗಿಷ್ಟೆಂದು ವಸೂಲಿ ಮಾಡುವ ರೂಢಿ ಎಲ್ಲೆಡೆ ಇದೆ. ಅದು ಒಪ್ಪಂದದ ಬಾಡಿಗೆ ವಾಹನ, ದಾರಿಯಲ್ಲಿ ಬಿಡಿ ಜನರನ್ನು ಹತ್ತಿಸುವಂತಿಲ್ಲ. ಅಪಘಾತವಾದ ದಿನ ವಿಮೆ ಕಂಪನಿ ಮೊದಲು ತೆಗೆಯುವ ತಕರಾರು ಪರ್ಮಿಟ್ಟಿನದೇ.

ನಿಮ್ಮೂರಲ್ಲಿ ಗಟ್ಟಿಯಾದ ಸ್ತ್ರೀಶಕ್ತಿ, ಸಂಜೀವಿನಿ ಸ್ವಸಹಾಯ ಸಂಘಗಳಿದ್ದರೆ ಒಂದು ದಾರಿ ಕೇಳಿನೋಡಿ. ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನದಡಿ 2017ರಲ್ಲಿ ಬಂದ ಆಜೀವಿಕಾ ಗ್ರಾಮೀಣ ಎಕ್ಸ್‌ಪ್ರೆಸ್ ಯೋಜನೆಯಲ್ಲಿ, ಸಂಘದ ಸದಸ್ಯೆ ಹಳ್ಳಿ ಹಾದಿಯಲ್ಲಿ ಸಾರಿಗೆ ವಾಹನ ಓಡಿಸಲು ಒಕ್ಕೂಟದ ಸಮುದಾಯ ನಿಧಿಯಿಂದ 6.5 ಲಕ್ಷ ರೂ. ವರೆಗೆ ಬಡ್ಡಿರಹಿತ ಸಾಲಕ್ಕೆ ಅವಕಾಶವಿಟ್ಟಿದ್ದಾರೆ. ಇದು ದಾನವಲ್ಲ, ಕಂತಿನಲ್ಲಿ ತೀರಿಸಬೇಕು. ಬ್ಲಾಕಿನ ಆಯ್ಕೆ ರಾಜ್ಯ ಮಿಷನ್ನಿನ ಕೈಯಲ್ಲಿದೆ, ಆದ್ದರಿಂದ ತಾಲ್ಲೂಕು ಪಂಚಾಯಿತಿಯಲ್ಲಿ ಸಂಜೀವಿನಿಯ ವ್ಯವಸ್ಥಾಪಕರನ್ನು ಕಂಡು ಕೊಪ್ಪಕ್ಕೆ ಅನ್ವಯವಾಗುತ್ತದೆಯೇ ಎಂದು ಕೇಳಿ. ಆಗುತ್ತದೆ ಎಂದರೂ ವಾಹನ ಕೊಳ್ಳುವ ಮೊದಲು ಪರ್ಮಿಟ್ಟಿನ ಮಾರ್ಗ ಖಚಿತವಾಗಲಿ. ಸಾಲದ ಕಂತು ವಾಹನ ಬಂದ ತಿಂಗಳಿಂದಲೇ ಎಣಿಕೆಗೆ ಬೀಳುತ್ತದೆ, ಪರ್ಮಿಟ್ಟಿನ ಸಭೆ ಯಾವಾಗ ಕೂರುತ್ತದೋ ಹೇಳಲಾಗದು.